ಕೆಳಗಿನ ಅರ್ಧ

ಪಾಲಾಕ್ಷ ತೀರಿಕೊಂಡಾಗ ಭರಣಿಯಲ್ಲಿ ಗೆರೆ ಇನ್ನೂ ಇತ್ತು.

ಅಡುಗೆಮನೆಯ ಕಿಟಕಿಯ ಪಕ್ಕದ ಗೂಡಿನಲ್ಲಿ ಆ ಭರಣಿಯ ಜಾಗ. ಗೇಣೆತ್ತರದ ಗಾಜಿನ ಭರಣಿ, ಅವನೇ ಊದಿ ಮಾಡಿದ್ದು. ಮದುವೆಯ ದಿನ ಅವನು ಅದರಲ್ಲಿ ತನ್ನ ಮನೆಯ ನೀರನ್ನು ಅರ್ಧದವರೆಗೆ ಹೊಯ್ದ. ಅದರ ಮೇಲೆ ನಾನು ತವರಿನಿಂದ ತಂದ ನೀರನ್ನು ಹೊಯ್ದೆ. ಎರಡರ ನಡುವೆ ಕೂದಲೆಳೆಯಂಥ ಗೆರೆ ನಿಂತಿತು. ಬೆಳಿಗ್ಗೆ ಬಿಸಿಲು ಬಿದ್ದಾಗ ಆ ಗೆರೆ ಎದುರು ಗೋಡೆಯ ಮೇಲೂ ಕಾಣುತ್ತಿತ್ತು.

ಅವನ ಊರಿನಲ್ಲಿ ಒಂದು ಮನೆಯ ನೀರು ಇನ್ನೊಂದು ಮನೆಯ ನೀರಿನೊಡನೆ ಬೆರೆಯುವುದಿಲ್ಲ. ಹೊಳೆಯ ನೀರು ಎಲ್ಲರಿಗೂ ಒಂದೇ. ಅದನ್ನು ತಂದು ಒಂದು ರಾತ್ರಿ ಮನೆಯೊಳಗೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಆ ಮನೆಯದಾಗಿರುತ್ತದೆ. ಯಾರು ಯಾರು ಆ ಸೂರಿನ ಕೆಳಗೆ ಉಂಡು, ಕುಡಿದು, ಉಸಿರಾಡುತ್ತಾರೋ ಅವರೆಲ್ಲರ ನೀರು ಅದು. ಒಮ್ಮೆ ಒಂದು ಮನೆಯದಾದ ನೀರು ಇನ್ನೊಂದು ಮನೆಯಲ್ಲಿ ಇಟ್ಟ ಮಾತ್ರಕ್ಕೆ ಬದಲಾಗುವುದಿಲ್ಲ. ಅಣ್ಣತಮ್ಮಂದಿರು ಮನೆಯ ನಡುವೆ ಗೋಡೆ ಎಬ್ಬಿಸಿದರೆ ಮೊದಮೊದಲು ಎರಡೂ ಕಡೆಯ ನೀರು ಬೆರೆಯುತ್ತದೆ. ಒಂದು ಮಳೆಗಾಲ ಕಳೆದ ಮೇಲೆ ಬೆರೆಯುವುದಿಲ್ಲ. ಬೀದಿಯ ಚರಂಡಿ ಪಟ್ಟೆಪಟ್ಟೆಯಾಗಿ ಹರಿಯುತ್ತದೆ. ಹೋಟೆಲಿಗೆ ಹೋಗುವವರು ಮನೆಯಿಂದ ಒಂದು ಲೋಟ ನೀರು ಒಯ್ದು ಕಾಫಿ ಮಾಡಿಸಿಕೊಳ್ಳುತ್ತಾರೆ. ಹಾಲು ಮಾರುವವಳು ಬೇರೆ ಬೇರೆ ಮನೆಯ ಹಸುಗಳ ಹಾಲನ್ನು ಬೇರೆ ಬೇರೆ ಕ್ಯಾನುಗಳಲ್ಲಿ ತರುತ್ತಾಳೆ. ಒಂದಕ್ಕೊಂದು ಸೋಕಿದರೆ ಒಡೆಯುತ್ತದೆ. ಬೇರೆ ಮನೆಯಲ್ಲಿ ನೀರು ಕುಡಿದರೆ ಅದು ಹೊಟ್ಟೆಯಲ್ಲಿ ಕಲ್ಲಿನಂತೆ ಕೂರುತ್ತದೆ, ದಿನವೂ ಕುಡಿದರೆ ಮುಖ, ಪಾದ ಊದಿಕೊಳ್ಳುತ್ತವೆ. ಅದಕ್ಕೇ ನೆಂಟರು ಬಂದರೆ ಮೊದಲು ನೋಡುವುದು ಅವರ ಕೈಯಲ್ಲಿ ಬಾಟಲಿ ಇದೆಯೇ ಎಂದು. ಬಾಟಲಿ ಚಿಕ್ಕದಾಗಿದ್ದರೆ ಬೇಗ ಹೊರಡುತ್ತಾರೆ ಎಂದು ಮನೆಯವರಿಗೆ ಸಮಾಧಾನ.

ನಾನು ಓದಿದ್ದು ರಸಾಯನಶಾಸ್ತ್ರ. ನೀರಿನ ಒಂದು ಅಣು ಪಕ್ಕದ ಅಣುವನ್ನು ಹಿಡಿದುಕೊಳ್ಳುತ್ತದೆ, ಬಿಡುತ್ತದೆ, ಇನ್ನೊಂದನ್ನು ಹಿಡಿದುಕೊಳ್ಳುತ್ತದೆ ಎಂದು ಕಲಿತಿದ್ದೆ. ಆ ಹಿಡಿತದಿಂದಲೇ ಹನಿ ದುಂಡಗೆ ನಿಲ್ಲುತ್ತದೆ, ಬೇರಿನ ನೀರು ತುದಿಯ ಎಲೆಗೆ ಏರುತ್ತದೆ. ಅದು ಉಪ್ಪನ್ನು ಬಿಡಿಸಿ ತನ್ನೊಳಗೆ ಇಟ್ಟುಕೊಳ್ಳುವುದರಿಂದಲೇ ರಕ್ತ ರಕ್ತವಾಗಿ ಹರಿಯುತ್ತದೆ. ಹಿಡಿಯುವಾಗ ಯಾವ ಮನೆಯದು ಎಂದು ಅಣು ನೋಡುತ್ತದೆ ಎಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ಮದುವೆಯಾದ ಹೊಸತರಲ್ಲಿ ಎರಡು ಮನೆಯ ನೀರನ್ನು ಎರಡು ಬಾಟಲಿಗಳಲ್ಲಿ ನನ್ನ ಪ್ರೊಫೆಸರಿಗೆ ಕಳಿಸಿದೆ. ಎರಡರಲ್ಲೂ ಒಂದೇ ಫಲಿತಾಂಶ, ಒಳ್ಳೆಯ ಕುಡಿಯುವ ನೀರು, ಬೇರೇನಾದರೂ ಕೆಲಸ ಸಿಕ್ಕಿತೇ ಎಂದು ಅವರು ಉತ್ತರ ಬರೆದರು. ಪಾಲಾಕ್ಷ ಅದನ್ನು ಓದಿ ತುಂಬ ಹೊತ್ತು ನಕ್ಕಿದ್ದ.

ಅವನು ನಮ್ಮ ವಿಶ್ವವಿದ್ಯಾಲಯದ ವರ್ಕ್‌ಶಾಪಿನಲ್ಲಿ ಗಾಜು ಊದುವ ಕೆಲಸದಲ್ಲಿದ್ದ. ನಾನು ಒಡೆದ ಗಾಜಿನ ಕೊಳವೆಗಳನ್ನು ಕೂಡಿಸಿಕೊಡುತ್ತಿದ್ದ. ನಾನು ಬೇಕೆಂದೇ ಒಡೆಯುತ್ತೇನೆ ಎಂದು ಗೆಳತಿಯರು ಹೇಳುತ್ತಿದ್ದರು. ಅಷ್ಟೇನೂ ಸುಳ್ಳಲ್ಲ. ಗೆರೆ ಕಾಣಲು ಗಾಜೇ ಬೇಕಾದ್ದರಿಂದ ಅವನ ಊರಿನಲ್ಲಿ ಗಾಜಿನ ಕೆಲಸಕ್ಕೆ ಬರವಿರಲಿಲ್ಲ. ಮದುವೆಗೆ ಮುಂಚೆಯೇ ಅವನು ಅಲ್ಲಿಗೆ ಹಿಂದಿರುಗಿದ್ದ.

ನಾನು ಹೋದಾಗ ಆ ಮನೆಯಲ್ಲಿ ಇದ್ದದ್ದು ಅವನು ಮತ್ತು ಅವನ ತಾಯಿ. ಮಾವ ಎಂದೋ ತೀರಿಕೊಂಡಿದ್ದರು. ಅತ್ತೆಯ ಹೆಸರು ಚಿಕ್ಕೀರಮ್ಮ. ಐವತ್ತು ದಾಟಿದ್ದರೂ ಎರಡು ಬಿಂದಿಗೆಗಳನ್ನು ಒಟ್ಟಿಗೆ ಹೊರುತ್ತಿದ್ದರು. ಅವರದು ಸಸಿಗಳ ಕೆಲಸ. ಹಿತ್ತಲಲ್ಲಿ ಕರಿಬೇವು, ನಿಂಬೆ, ದಾಸವಾಳ, ಮಲ್ಲಿಗೆ ಸಸಿಗಳನ್ನು ಬೆಳೆಸಿ ಮಾರುತ್ತಿದ್ದರು. ಆ ಊರಿನಲ್ಲಿ ಸಸಿಯನ್ನು ಕೊಂಡ ದಿನವೇ ಒಯ್ಯುವಂತಿಲ್ಲ. ಕೊಳ್ಳುವವರು ತಮ್ಮ ಮನೆಯ ನೀರನ್ನು ಒಂದು ಕೊಡದಲ್ಲಿ ತಂದಿಟ್ಟು ಹೋಗಬೇಕು. ಅತ್ತೆ ಮೊದಲು ತಮ್ಮ ನೀರು ಮೂರು ಪಾಲು ಕೊಟ್ಟು, ಮೇಲೆ ಕೊಂಡವರ ನೀರು ಒಂದು ಪಾಲು ಕೊಡುತ್ತಾರೆ. ಎಲೆ ಜೋತರೆ ಹಿಂದೆ ಸರಿಯುತ್ತಾರೆ, ನಿಂತರೆ ಮುಂದೆ ಹೋಗುತ್ತಾರೆ. ಪೂರಾ ಆ ಮನೆಯ ನೀರಿನಲ್ಲೇ ಹೊಸ ಚಿಗುರು ಬಂದ ಮೇಲೆ ಸಸಿಯನ್ನು ಕಳಿಸಿಕೊಡುತ್ತಾರೆ. ಇದಕ್ಕೆ ಒಗ್ಗಿಸುವುದು ಎನ್ನುತ್ತಾರೆ. ಹಿತ್ತಲ ಗೋಡೆಯುದ್ದಕ್ಕೂ ಬೇರೆ ಬೇರೆ ಮನೆಯ ಕೊಡಗಳು ಸಾಲಾಗಿ ಇರುತ್ತಿದ್ದವು. ಯಾವುದು ಯಾರದು ಎಂದು ಅತ್ತೆ ಗುರುತು ಹಾಕುತ್ತಿರಲಿಲ್ಲ. ಅವರಿಗೆ ಗೊತ್ತಿರುತ್ತಿತ್ತು.

ನನ್ನನ್ನೂ ಅವರು ಹಾಗೆಯೇ ಒಗ್ಗಿಸತೊಡಗಿದರು. ತವರಿನಿಂದ ಎರಡು ದೊಡ್ಡ ಕ್ಯಾನು ನೀರು ತರಲು ಮೊದಲೇ ಹೇಳಿಕಳಿಸಿದ್ದರು. ಅದು ನಮ್ಮ ನಗರದ ನಲ್ಲಿ ನೀರು. ನೋಡಲು ಬೀದಿಯ ಹೆಂಗಸರೆಲ್ಲ ಬಂದಿದ್ದರು. ಬೀದಿಗೆ ಹಿರಿಯಳಾದ ಗುರುಸಿದ್ದಮ್ಮ ಬೆರಳದ್ದಿ ಮೂಸಿ ನೋಡಿದಳು. ಔಷಧಿಯ ವಾಸನೆ ಎಂದು ಮುಖ ಕಿವುಚಿದಳು.

"ನಿಮ್ಮೂರ ನೀರು ಸಿಕ್ಕಸಿಕ್ಕಿದವರ ಜೊತೆ ಸೇರ್ಕೊಂಡುಬಿಡುತ್ತಂತಲ್ಲ ತಾಯಿ. ಹಂಗಾದ್ರೆ ಅದು ಯಾರದು?"

"ಮುನಿಸಿಪಾಲಿಟಿಯದು ಅಜ್ಜಿ," ಎಂದೆ. ಆ ಮನೆಯಲ್ಲಿ ನಾನು ಎಲ್ಲರನ್ನೂ ನಗಿಸಿದ್ದು ಅದೊಂದೇ ಸಲ.

ಸಾಮಾನ್ಯವಾಗಿ ಒಂದು ವರ್ಷದೊಳಗೆ ಭರಣಿಯ ಗೆರೆ ಹೋಗುತ್ತದೆ. ಹೆಣ್ಣಿನ ಮೈ ಮನೆಯ ನೀರಿಗೆ ಒಗ್ಗಿದಂತೆ ಗೆರೆಯೂ ಮಸುಕಾಗುತ್ತದೆ ಎನ್ನುತ್ತಾರೆ. ಹೋದ ದಿನ ಬೀದಿಯವರನ್ನು ಕರೆದು ಆ ನೀರಿನಲ್ಲಿ ಪಾಯಸ ಮಾಡುತ್ತಾರೆ. ಅಲ್ಲಿಂದ ಮುಂದೆ ಅವಳು ಆ ಮನೆಯವಳು, ಯಾರೂ ಅವಳನ್ನು ಹೊರಡು ಎನ್ನುವಂತಿಲ್ಲ. ಗೆರೆ ಇರುವಾಗಲೇ ಗಂಡ ಹೋದರೆ, ಹೊಳೆಗೆ ಹೊಸ ನೀರು ಬರುವವರೆಗೆ ಕಾಯುತ್ತಾರೆ. ಆಮೇಲೂ ಗೆರೆ ಇದ್ದರೆ ಮೇಲಿನ ಅರ್ಧವನ್ನು ಅವಳ ಕೊಡಕ್ಕೆ ಹಾಕಿ ತವರಿಗೆ ಕಳಿಸುತ್ತಾರೆ. ಕೆಳಗಿನ ಅರ್ಧ ಮನೆಯಲ್ಲೇ ಉಳಿಯುತ್ತದೆ. ಇದರಲ್ಲಿ ಯಾರಿಗೂ ದ್ವೇಷವಿಲ್ಲ. ಮೈಗೆ ಹಿಡಿಯದ ನೀರಿನ ಮನೆಯಲ್ಲಿ ಹೆಣ್ಣನ್ನು ಇಟ್ಟುಕೊಳ್ಳುವುದು ಪಾಪ ಎಂದು ಅವರ ಎಣಿಕೆ.

ಮಾಗಿಯಲ್ಲಿ ಪಾಲಾಕ್ಷನಿಗೆ ಜ್ವರ ಬಂತು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಬೇಕು, ಮನೆಯ ನೀರು ತನ್ನಿ ಎಂದರು. ಅತ್ತೆ ಬಿಂದಿಗೆ ಹೊತ್ತು ತಂದರು. ಅಲ್ಲಿ ಅದನ್ನು ಕಾಯಿಸಿ, ಸೋಸಿ, ಉಪ್ಪು ಹದ ಮಾಡಿ, ಅವನೇ ಊದಿ ಕೊಟ್ಟಿದ್ದ ಸೀಸೆಗಳಲ್ಲಿ ತುಂಬಿ ಹಾಕಿದರು. ಎರಡನೆಯ ಸೀಸೆ ಅರ್ಧ ಹೋಗುವಷ್ಟರಲ್ಲಿ ನರ್ಸ್ ಬಂದು ನಿಲ್ಲಿಸಿದಳು. ಉಳಿದ ನೀರನ್ನು ಬಿಂದಿಗೆಗೆ ವಾಪಸ್ಸು ಹಾಕಿಕೊಟ್ಟಳು. ಬೇರೆಯವರಿಗೆ ಅದು ಆಗುವುದಿಲ್ಲವಲ್ಲ. ಅತ್ತೆ ಅದನ್ನು ಹೊತ್ತುಕೊಂಡೇ ಮನೆಗೆ ಬಂದರು. ದಾರಿಯಲ್ಲಿ ಒಂದು ಹನಿಯೂ ಚೆಲ್ಲಲಿಲ್ಲ.

ಅವನು ಹೋದ ಮೇಲೆ ನಾನು ಅಳಲಿಲ್ಲ. ಅಳಬಾರದೆಂದೇನೂ ಇರಲಿಲ್ಲ, ಬರಲಿಲ್ಲ ಅಷ್ಟೆ. ಬೆಳಿಗ್ಗೆ ಏಳುತ್ತಿದ್ದೆ, ಪಾತ್ರೆ ತೊಳೆಯುತ್ತಿದ್ದೆ, ಅತ್ತೆ ಹೇಳಿದ ಸಸಿಗೆ ಹೇಳಿದಷ್ಟು ನೀರು ಹಾಕುತ್ತಿದ್ದೆ. ಅಣ್ಣ ಶಂಭುಲಿಂಗ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ. ಮಳೆಗಾಲಕ್ಕೆ ಬಂದು ಕರೆದುಕೊಂಡು ಹೋಗುತ್ತೇನೆ ಎನ್ನುತ್ತಿದ್ದ. ಅತ್ತಿಗೆ ಒಳ್ಳೆಯವಳು. ಹಾಲ್‌ನಲ್ಲಿ ಫ್ರಿಜ್ಜಿನ ಪಕ್ಕ ನನಗೊಂದು ಮಂಚಕ್ಕೆ ಜಾಗ ಮಾಡಿದ್ದಳಂತೆ. ಉಳಿಯುತ್ತೀಯೋ ಹೋಗುತ್ತೀಯೋ ಎಂದು ಯಾರೂ ಕೇಳಲಿಲ್ಲ. ಆದರೆ ಹೋದರೆ ಕೆಳಗಿನ ಅರ್ಧವನ್ನು ಬಿಟ್ಟು ಹೋಗಬೇಕು. ಅದು ಮಾತ್ರ ನನಗೆ ದಿನವೂ ನೆನಪಾಗುತ್ತಿತ್ತು. ಅವನು ಇದ್ದಾಗಿನ ಮನೆಯ ನೀರು ಲೋಕದಲ್ಲಿ ಇನ್ನೆಲ್ಲೂ ಇರಲಿಲ್ಲ.

ಇನ್ನೆಲ್ಲೂ ಇರಲಿಲ್ಲ ಎಂದರೆ ತಪ್ಪು, ನನ್ನೊಳಗೆ ಇತ್ತು. ಮನುಷ್ಯನ ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಅದು ನಿಂತ ನೀರಲ್ಲ. ಕುಡಿದಂತೆ ಹೊಸದು ಬರುತ್ತದೆ, ಬೆವರಾಗಿ, ಉಸಿರಾಗಿ, ಮೂತ್ರವಾಗಿ ಹಳೆಯದು ಹೋಗುತ್ತದೆ. ಹೆಚ್ಚುಕಡಿಮೆ ಹತ್ತು ದಿನಕ್ಕೆ ಅರ್ಧ ಬದಲಾಗುತ್ತದೆ. ಎಂ.ಎಸ್ಸಿ.ಯಲ್ಲಿ ಇದನ್ನು ಓದಿ, ಪರೀಕ್ಷೆಯಲ್ಲಿ ಬರೆದು, ಮರೆತಿದ್ದೆ. ಅವನು ಹೋದ ಮೇಲೆ ಒಂದು ಬೆಳಿಗ್ಗೆ ಲೋಟ ಎತ್ತಿದಾಗ ನೆನಪಾಯಿತು. ನಾನು ಕುಡಿಯುವ ಒಂದೊಂದು ಗುಟುಕೂ ಅವನು ಮುಟ್ಟಿದಾಗ ನನ್ನ ಮೈಯಲ್ಲಿದ್ದ ನೀರನ್ನು ಹೊರಗೆ ತಳ್ಳುತ್ತದೆ. ಲೋಟವನ್ನು ಕೆಳಗಿಟ್ಟೆ.

ಕುಡಿಯುವುದನ್ನು ಪೂರಾ ಬಿಡಲು ಆಗುವುದಿಲ್ಲ. ಕಡಿಮೆ ಮಾಡಿದೆ. ಅನ್ನದಲ್ಲಿ, ಸಾರಿನಲ್ಲಿ ಬರುವಷ್ಟು ಸಾಕು ಎಂದುಕೊಂಡೆ. ಬಿಸಿಲಿನಲ್ಲಿ ಹಿತ್ತಲಿಗೆ ಹೋಗುವುದನ್ನು ತಪ್ಪಿಸಿದೆ, ಬೆವರದಿರಲೆಂದು. ತುಟಿ ಒಡೆಯಿತು, ತಲೆ ಭಾರವಾಯಿತು, ಮೂತ್ರ ಉರಿಯತೊಡಗಿತು. ಇದು ಮೂರ್ಖತನವೆಂದು ನನಗೆ ಗೊತ್ತಿತ್ತು. ನೀರು ಹಾಗೆ ಉಳಿಯುವುದಿಲ್ಲ, ನಿಧಾನವಾಗುತ್ತದೆ ಅಷ್ಟೆ. ನನಗೆ ಆ ನಿಧಾನವೇ ಬೇಕಾಗಿತ್ತು.

ಅತ್ತೆಯೂ ನಾನೂ ಒಂದೇ ಅಡುಗೆಮನೆಯಲ್ಲಿ ಬೆನ್ನಿಗೆ ಬೆನ್ನು ಮಾಡಿ ಕೆಲಸ ಮಾಡುತ್ತಿದ್ದೆವು. ದಿನವೂ ಬೆಳಿಗ್ಗೆ ಅತ್ತೆ ಭರಣಿಯ ಹತ್ತಿರ ಹೋಗಿ ಗೆರೆ ನೋಡುತ್ತಿದ್ದರು. ಅದು ಮಸುಕಾಗುವುದಿರಲಿ, ಚಳಿಗಾಲಕ್ಕಿಂತ ಈಗ ಇನ್ನೂ ಸ್ಪಷ್ಟವಾಗಿತ್ತು. ಅವರು ಬಿಂದಿಗೆ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದರು.

ಬೇಸಿಗೆಯ ಹೊತ್ತಿಗೆ ನನ್ನ ಕಣ್ಣಿಗೆ ಒಂದು ವಿಷಯ ಬಿತ್ತು. ತವರಿನಿಂದ ತಂದ ಕ್ಯಾನುಗಳಲ್ಲಿ ಮೊದಲನೆಯದು ಹಿಂದೆ ನೋಡಿದಾಗ ಮುಕ್ಕಾಲು ತುಂಬಿತ್ತು, ಇನ್ನೊಂದರ ಮುಚ್ಚಳವನ್ನೇ ತೆಗೆದಿರಲಿಲ್ಲ. ನಾನು ಅವುಗಳನ್ನು ಮುಟ್ಟುವುದನ್ನು ಬಿಟ್ಟು ತಿಂಗಳುಗಳಾಗಿದ್ದವು. ಈಗ ಮೊದಲನೆಯದರ ನೀರು ತಳಕ್ಕೆ ಇಳಿದಿತ್ತು. ಆವಿಯಾಗಿರಬೇಕು ಎಂದುಕೊಂಡೆ. ಮುಚ್ಚಳ ಬಿಗಿಯಾಗಿತ್ತು. ಸೋರಿರಬೇಕು ಎಂದುಕೊಂಡೆ. ನೆಲ ಒಣಗಿತ್ತು. ಅದೇ ದಿನಗಳಲ್ಲಿ ಅತ್ತೆಯ ಮುಖ ಊದಿಕೊಂಡಿತ್ತು. ಪಾದ ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಬರಿಗಾಲಲ್ಲಿ ಬಿಂದಿಗೆ ಹೊರುತ್ತಿದ್ದರು. ಡಾಕ್ಟರ ಹತ್ತಿರ ಹೋಗೋಣ ಎಂದರೆ ವಯಸ್ಸು ಎಂದರು. ಎರಡನ್ನೂ ಕೂಡಿಸಿ ನೋಡಲು ನನಗೆ ಹೊಳೆಯಲೇ ಇಲ್ಲ. ಆ ದಿನಗಳಲ್ಲಿ ನನಗೆ ಯಾವುದೂ ಹೊಳೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮಲಗಿದ್ದವಳು ಗಂಟಲು ಒಣಗಿ ಎದ್ದೆ. ಅಡುಗೆಮನೆಯಲ್ಲಿ ಅತ್ತೆ ನೆಲದ ಮೇಲೆ ಕೂತಿದ್ದರು. ಎರಡನೆಯ ಕ್ಯಾನಿನ ಮುಚ್ಚಳ ತೆರೆದಿತ್ತು. ಒಂದು ಲೋಟ ನೀರನ್ನು ಔಷಧಿ ಕುಡಿಯುವಂತೆ ಕಣ್ಣು ಮುಚ್ಚಿ ಕುಡಿಯುತ್ತಿದ್ದರು. ನನ್ನನ್ನು ನೋಡಿ ನಿಲ್ಲಿಸಲಿಲ್ಲ. ಮುಗಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಏನು ಮಾಡ್ತಿದ್ದೀರಿ ಅತ್ತೆ?"

"ಕಾಣಲ್ವಾ? ನೀರು ಕುಡೀತಿದೀನಿ."

"ಅದು ನನ್ನ ನೀರು. ನಿಮಗೆ ಆಗೋದಿಲ್ಲ. ಕಾಲು ನೋಡಿಕೊಂಡಿದ್ದೀರಾ?"

ಅವರು ಲೋಟವನ್ನು ಕ್ಯಾನಿನ ಮೇಲೆ ಬೋರಲು ಹಾಕಿದರು. "ಗಿಡ ಮನೆಗೆ ಒಗ್ಗದಿದ್ರೆ ಏನ್ ಮಾಡೋದು? ಮನೇನೇ ಗಿಡಕ್ಕೆ ಒಗ್ಗಬೇಕು. ನಾನು ನಿನ್ನ ನೀರಿಗೆ ಬಂದ್ರೆ ಆ ಹಾಳು ಗೆರೆ ಹೋಗುತ್ತೇನೋ ಅಂತ."

ಆಮೇಲೆ ನನ್ನನ್ನು ಹತ್ತಿರ ಕರೆದು ನನ್ನ ಕೈ ಹಿಡಿದುಕೊಂಡರು. ಪ್ರೀತಿಗೆ ಹಿಡಿದರು ಎಂದುಕೊಂಡೆ. ಅವರು ಅಂಗೈಯ ಹಿಂಭಾಗದ ಚರ್ಮವನ್ನು ಎರಡು ಬೆರಳಿನಲ್ಲಿ ಎತ್ತಿ ಬಿಟ್ಟರು. ಚರ್ಮ ಎತ್ತಿದ ಹಾಗೆಯೇ ಸ್ವಲ್ಪ ಹೊತ್ತು ನಿಂತು, ನಿಧಾನವಾಗಿ ಕೂತಿತು.

"ಎಷ್ಟು ದಿನದಿಂದ ನೋಡ್ತಿದೀನಿ. ಎಲೆ ಹಿಂಗಾದ್ರೆ ನಾನು ಗಿಡದ ಆಸೆ ಬಿಡ್ತೀನಿ. ಯಾಕೆ ಕುಡಿಯಲ್ಲ ನೀನು? ಈ ಮನೆ ನೀರು ಬೇಡವಾದ್ರೆ ಬೇಡ ಅನ್ನು."

ಅವರು ಹಾಗೆ ತಿಳಿದುಕೊಂಡಿದ್ದರು. ಆ ಮನೆಯ ನೀರು ನನಗೆ ಬೇಡವಾಗಿದೆ, ಹೋಗುವ ದಿನವನ್ನು ಕಾಯುತ್ತಿದ್ದೇನೆ ಎಂದು. ನಾನು ಹೇಳಿದೆ. ಹತ್ತು ದಿನಕ್ಕೆ ಅರ್ಧ ಎನ್ನುವುದನ್ನು ಹೇಳಿದೆ. ಹೇಳುವಾಗ ತರಗತಿಯಲ್ಲಿ ಪಾಠ ಒಪ್ಪಿಸಿದಂತೆ ಕೇಳಿಸುತ್ತಿತ್ತು. ಅತ್ತೆ ಪೂರಾ ಕೇಳಿದರು. ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಕೊನೆಗೆ ಒಂದೇ ಮಾತು ಹೇಳಿದರು.

"ನೀನು ಸಾಯೋವರೆಗೂ ಅವನೇನು ನಿನ್ನ ಮೈಯಲ್ಲಿ ಬಾಯಾರಿಕೊಂಡು ಇರ್ಬೇಕಾ?"

ಅವತ್ತಿನಿಂದ ಅವರು ನಮ್ಮಿಬ್ಬರನ್ನೂ ಒಗ್ಗಿಸತೊಡಗಿದರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎರಡು ಸ್ಟೀಲ್ ಲೋಟ. ಎರಡರಲ್ಲೂ ಒಂದು ಪಾಲು ಕ್ಯಾನಿನದು, ಒಂದು ಪಾಲು ಮನೆಯದು. ಎದುರುಬದುರು ಕೂತು ಕುಡಿಯಬೇಕು. ಅವರು ಮುಗಿಸುವವರೆಗೆ ನಾನು ಏಳುವಂತಿಲ್ಲ, ನಾನು ಮುಗಿಸುವವರೆಗೆ ಅವರು ಏಳುವುದಿಲ್ಲ. ಮೊದಲ ವಾರ ನನಗೆ ಹೊಟ್ಟೆಯಲ್ಲಿ ಎರಡು ಕಲ್ಲು ಇಟ್ಟಂತಾಗುತ್ತಿತ್ತು. ನಿನ್ನ ಮುನಿಸಿಪಾಲಿಟಿಯನ್ನ ಯಾವ ಪುಣ್ಯಾತ್ಮ ಕಂಡುಹಿಡಿದನೋ ಎಂದು ಅತ್ತೆ ಬೈದುಕೊಂಡು ಕುಡಿಯುತ್ತಿದ್ದರು. ಬೇಸಿಗೆ ಮುಗಿಯುವಷ್ಟರಲ್ಲಿ ಕಲ್ಲು ಕರಗಿತು. ಅವರ ಪಾದ ಇಳಿದು ಚಪ್ಪಲಿ ಹಿಡಿಸಿತು. ನನ್ನ ಕೈಯ ಚರ್ಮ ಎತ್ತಿ ಬಿಟ್ಟರೆ ಥಟ್ಟನೆ ಕೂರುತ್ತಿತ್ತು. ಹತ್ತು ದಿನ, ಮತ್ತೆ ಹತ್ತು ದಿನ. ನಾನು ಲೆಕ್ಕ ಹಾಕದಿರಲು ಪ್ರಯತ್ನಿಸುತ್ತಿದ್ದೆ. ಎರಡನೆಯ ಕ್ಯಾನು ಬರಿದಾಯಿತು. ಆಮೇಲೆ ನಾವು ಕುಡಿದದ್ದು ಮನೆಯ ನೀರನ್ನು ಮಾತ್ರ.

ಭರಣಿಯ ಗೆರೆ ಹಾಗೆಯೇ ಇತ್ತು.

ಹೊಳೆಗೆ ಹೊಸ ನೀರು ಬಂತು. ಕೆಂಪಗೆ, ಕಸಕಡ್ಡಿ ಹೊತ್ತು ಬಂತು. ಗುರುಸಿದ್ದಮ್ಮ ಬೀದಿಯ ಹೆಂಗಸರಲ್ಲಿ ನಾಲ್ಕಾರು ಜನರನ್ನು ಕರೆದುಕೊಂಡು ಬೆಳಿಗ್ಗೆ ಬಂದಳು. ಹಿಂದಿನ ಸಂಜೆಯೇ ಅಣ್ಣ ಬಾಡಿಗೆ ಕಾರಿನಲ್ಲಿ ಬಂದಿದ್ದ. ಕೊಂಡ ನೀರಿನ ಬಾಟಲಿಗಳನ್ನು ಪೆಟ್ಟಿಗೆಗಟ್ಟಲೆ ತಂದು ಜಗುಲಿಯ ಮೇಲೆ ಇಟ್ಟುಕೊಂಡಿದ್ದ. ನನ್ನ ಬಟ್ಟೆಗಳನ್ನು ಎರಡು ಚೀಲಗಳಲ್ಲಿ ತುಂಬಿ ಬಾಗಿಲ ಬಳಿ ಇಟ್ಟಿದ್ದೆ. ಪುಸ್ತಕಗಳನ್ನು ತೆಗೆದುಕೊಳ್ಳಲಿಲ್ಲ.

ಗುರುಸಿದ್ದಮ್ಮ ಭರಣಿಯನ್ನು ಗೂಡಿನಿಂದ ಇಳಿಸಿ, ನಡುಮನೆಯಲ್ಲಿ ಬೆಳಕು ಬೀಳುವಲ್ಲಿ ಮಣೆಯ ಮೇಲೆ ಇಟ್ಟಳು. ಎಲ್ಲರೂ ಬಗ್ಗಿ ನೋಡಿದರು. ನೋಡಲು ಬಗ್ಗಬೇಕಾಗಿಯೇ ಇರಲಿಲ್ಲ.

"ಚಿಕ್ಕೀರಮ್ಮ, ಐತಲ್ಲೇ," ಎಂದಳು ಗುರುಸಿದ್ದಮ್ಮ. ದನಿಯಲ್ಲಿ ನಿಜವಾದ ಬೇಸರವಿತ್ತು.

ಅತ್ತೆ ತಲೆಯಾಡಿಸಿದರು. ನನ್ನ ಕಡೆ ನೋಡಲಿಲ್ಲ. ಮದುವೆಯಲ್ಲಿ ನಾನು ತಂದಿದ್ದ ತಾಮ್ರದ ಕೊಡವನ್ನು ತಂದಿಟ್ಟು, ಸೌಟು ಕೊಟ್ಟರು. ಗುರುಸಿದ್ದಮ್ಮ ಉದ್ದ ಹಿಡಿಯ ಸೌಟಿನಿಂದ ಮೇಲಿನ ನೀರನ್ನು ತೆಗೆದು ಕೊಡಕ್ಕೆ ಹಾಕತೊಡಗಿದಳು. ಗೆರೆಯ ಹತ್ತಿರ ಬಂದಾಗ ಉಸಿರು ಬಿಗಿಹಿಡಿದು, ಹಾಲಿನ ಕೆನೆ ತೆಗೆಯುವಂತೆ ತೆಗೆದಳು. ಕೆಳಗಿನ ನೀರು ಅಲುಗಲೂ ಇಲ್ಲ. ಭರಣಿಯಲ್ಲಿ ಅದೊಂದೇ ಉಳಿಯಿತು. ಮೇಲೆ ಗಾಳಿ.

ಅರ್ಧ ಭರಣಿ ಮನೆಯಲ್ಲಿ ಇರಬಾರದು ಎಂದು ಅಲ್ಲಿಯ ಪದ್ಧತಿ. ಹೆಣ್ಣು ಹೊಸ್ತಿಲು ದಾಟುವ ಮೊದಲು ಅದನ್ನು ಮನೆಯ ನೀರಿನಿಂದ ತುಂಬಿಸುತ್ತಾರೆ. ಅತ್ತೆ ಅಡುಗೆಮನೆಯ ನೀರಿನ ಗುಡಾಣದಿಂದ ಒಂದು ತಂಬಿಗೆ ನೀರು ತಂದು ಅಂಚಿನಿಂದ ಮೆಲ್ಲಗೆ ಹೊಯ್ದರು. ನೀರು ತುಂಬುತ್ತ ಬಂತು. ತುಂಬಿ ನಿಂತಿತು.

ಗೆರೆ ಅಲ್ಲೇ ಇತ್ತು. ಅದೇ ಜಾಗದಲ್ಲಿ, ಅಷ್ಟೇ ತೆಳ್ಳಗೆ.

ಗುಡಾಣ ಅದಲುಬದಲಾಗಿದೆಯೇನೋ, ಯಾರದೋ ಸಸಿಯ ಕೊಡದಿಂದ ತಂದೆಯೇನೋ ಎಂದು ಒಬ್ಬಳು ಕೇಳಿದಳು. ಅತ್ತೆ ಸಸಿಯ ಕೊಡ ತಪ್ಪುವವರಲ್ಲ ಎನ್ನುವುದು ಬೀದಿಗೆಲ್ಲ ಗೊತ್ತು. ಆದರೂ ಗುರುಸಿದ್ದಮ್ಮ ತಾನೇ ಅಡುಗೆಮನೆಗೆ ಹೋಗಿ, ಗುಡಾಣದಲ್ಲಿ ಗಾಜಿನ ಲೋಟ ಅದ್ದಿ ಅರ್ಧ ನೀರು ತಂದಳು. ಅದಕ್ಕೆ ತಾಮ್ರದ ಕೊಡದಿಂದ ನನ್ನ ನೀರನ್ನು ಹೊಯ್ದಳು. ಬಾಗಿಲ ಬೆಳಕಿಗೆ ಹಿಡಿದಳು. ತಿರುಗಿಸಿದಳು. ಒಂದೇ ನೀರು. ಗೆರೆಯಿರಲಿಲ್ಲ.

ಜಗುಲಿಯಿಂದ ಅಣ್ಣ ಇಣುಕಿದ. ಹೊರಡುವುದಾ, ತಡವಾಗುತ್ತಾ ಎಂದು ಕೇಳಿದ. ಡ್ರೈವರು ಗೊಣಗುತ್ತಿದ್ದಾನೆ ಎಂದ.

ಗುರುಸಿದ್ದಮ್ಮ ಲೋಟವನ್ನು ಕೆಳಗಿಟ್ಟು ಮಣೆಯ ಪಕ್ಕದಲ್ಲೇ ಕೂತಳು. "ಎಲ್ಲಿಂದಪ್ಪ ಕರ್ಕೊಂಡು ಹೋಗ್ತೀಯ?" ಎಂದಳು. ಬೆರಳಿನಿಂದ ಭರಣಿಯ ಕೆಳಭಾಗವನ್ನು ತಟ್ಟಿದಳು. "ನಿನ್ನ ತಂಗೀನ ಕೊಟ್ಟ ಮನೆ ಇದರಲ್ಲೈತೆ. ಇದು ಬೇರೆ ಮನೆ. ಈ ಮನೆ ನೀರಿಗೂ ಇವಳಿಗೂ ಗೆರೆ ಇಲ್ಲ. ಕಳಿಸೋಕೆ ನಾವ್ಯಾರು?"

ಅಣ್ಣನಿಗೆ ಅರ್ಥವಾಗಲಿಲ್ಲ. ನಾನು ಬರುವುದಿಲ್ಲ ಎನ್ನುವುದಷ್ಟು ಅರ್ಥವಾಯಿತು. ಅವನು ಇನ್ನೊಮ್ಮೆ ಕೇಳಲಿಲ್ಲ. ಅತ್ತಿಗೆಗೆ ಬೇಸರವಾಗುತ್ತದೆ ಎಂದ. ಬರಿದಾದ ಎರಡು ಕ್ಯಾನುಗಳನ್ನು ಕಾರಿಗೆ ಹಾಕಿಕೊಂಡ. ಬಟ್ಟೆಯ ಚೀಲಗಳನ್ನು ಬಾಗಿಲಿನಿಂದ ಒಳಗೆ ಸರಿಸಿ, ನನ್ನ ತಲೆಯ ಮೇಲೆ ಕೈಯಿಟ್ಟು, ಹೋದ. ಹೆಂಗಸರು ಚಿಕ್ಕೀರಮ್ಮನಿಗೆ ಒಳ್ಳೆಯದಾಯಿತು ಎಂದು ಒಬ್ಬೊಬ್ಬರಾಗಿ ಹೇಳಿ ಎದ್ದರು.

ಅತ್ತೆಯ ಮುಖದಲ್ಲಿ ಒಳ್ಳೆಯದಾದ ಗುರುತು ಇರಲಿಲ್ಲ. ಎಲ್ಲರೂ ಹೋದ ಮೇಲೆ ಭರಣಿಯ ಮುಂದೆ ಕೂತರು. ಅವರು ಗೆರೆಯನ್ನೇ ನೋಡುತ್ತಿದ್ದರು. ಇಷ್ಟು ದಿನ ಆ ಗೆರೆಯ ಕೆಳಗೆ ಅವನ ಜೊತೆ ಅವರಿದ್ದರು, ಮೇಲೆ ನಾನಿದ್ದೆ. ಈಗ ಕೆಳಗೆ ಅವನೊಬ್ಬನೇ. ನನ್ನನ್ನು ಉಳಿಸಿಕೊಳ್ಳಲು ಲೋಟ ಲೋಟವಾಗಿ ಕುಡಿದು ಅವರು ಮಗನ ನೀರಿನಿಂದ ಹೊರಗೆ ಬಂದುಬಿಟ್ಟಿದ್ದರು. ಕುಡಿಯದೆ ಕೂತು ನಾನು ಇಟ್ಟುಕೊಂಡಿದ್ದೇನೆ ಎಂದುಕೊಂಡದ್ದೂ ಎಂದೋ ಹೋಗಿತ್ತು. ಪಕ್ಕದಲ್ಲಿ ಕೂತೆ. ಹಿತ್ತಲ ಕಡೆಯ ಬಾಗಿಲು ತೆರೆದಿತ್ತು. ಮಳೆ ಬಂದು ನಿಂತು, ಕೊಡಗಳ ಮುಚ್ಚಳಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇಟ್ಟುಕೊಂಡ್ರೆ ಆರಿ ಹೋಗುತ್ತಾ?" ಎಂದು ಅತ್ತೆ ಕೇಳಿದರು.

"ಮುಚ್ಚಿಟ್ಟರೆ ನಿಧಾನಕ್ಕೆ ಹೋಗುತ್ತೆ. ಆದ್ರೂ ಹೋಗುತ್ತೆ."

ಅವರು ಎದ್ದು ಸೌಟು ತೆಗೆದುಕೊಂಡರು. ಆಗ ಹೊಯ್ದಿದ್ದ ನೀರನ್ನು ಗೆರೆಯವರೆಗೂ ತೆಗೆದು ಗುಡಾಣಕ್ಕೆ ವಾಪಸ್ಸು ಹಾಕಿದರು. ಕೆಳಗಿನ ಅರ್ಧವನ್ನು ಪಾತ್ರೆಗೆ ಸುರಿದು ಒಲೆಯ ಮೇಲೆ ಇಟ್ಟರು. ಒಂದೂವರೆ ವರ್ಷದ ನೀರು, ಕಾಯಿಸಲೇಬೇಕಿತ್ತು. ನಾನು ಹೇಳುವ ಮೊದಲೇ ಇಟ್ಟರು. ಕುದಿಯತೊಡಗಿದಾಗ ಆವಿ ಏಳುವುದನ್ನು ನೋಡಿ ನಾನು ತಟ್ಟೆಗೆ ಕೈಹಾಕಿದೆ. ಅವರು ಅಷ್ಟರಲ್ಲಿ ಮುಚ್ಚಿಯಾಗಿತ್ತು. ಆರಿದ ಮೇಲೆ ತಟ್ಟೆಯ ಒಳಬದಿಯ ಹನಿಗಳನ್ನೂ ಪಾತ್ರೆಗೆ ಕೊಡವಿದರು. ಎರಡು ಲೋಟಗಳಿಗೆ ಬಗ್ಗಿಸಿದರು. ನನ್ನದಕ್ಕೆ ಹೆಚ್ಚು ಬಿತ್ತು. ನಾನು ಸ್ವಲ್ಪ ಅವರದಕ್ಕೆ ಹಾಕಿದೆ.

"ಇದು ನಮಗೀಗ ಆಗಲ್ಲ. ಕಲ್ಲಿನ ಹಂಗೆ ಕೂರುತ್ತೆ," ಎಂದರು.

"ಕೂರಲಿ ಅತ್ತೆ."

ಅವರು ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ಕೂತರು. "ಹತ್ತು ದಿನಕ್ಕೆ ಅರ್ಧ ಹೋಗುತ್ತೆ ಅಂದಿದ್ದೆಯಲ್ಲ."

"ಹ್ಞೂಂ."

"ಅದಾದ ಮೇಲೆ ಹತ್ತು ದಿನಕ್ಕೆ?"

"ಉಳಿದದ್ದರಲ್ಲಿ ಅರ್ಧ."

"ಆಮೇಲೆ?"

"ಅದರಲ್ಲಿ ಅರ್ಧ."

ಅವರು ಸ್ವಲ್ಪ ಹೊತ್ತು ಮನಸ್ಸಿನಲ್ಲೇ ಏನನ್ನೋ ಕೂಡಿಸಿ ಕಳೆದು ನೋಡುತ್ತಿದ್ದಂತೆ ಕಂಡಿತು. "ಹಂಗಾದ್ರೆ ಪೂರ್ತಿ ಹೋಗೋದು ಯಾವಾಗ?"

ತರಗತಿಯಲ್ಲಿ ಇದೇ ಪ್ರಶ್ನೆಯನ್ನು ಯಾರೋ ಕೇಳಿದ್ದರು. ಕಪ್ಪು ಹಲಗೆಯ ಮೇಲೆ ಇಳಿಯುತ್ತ ಇಳಿಯುತ್ತ ತಳದ ಗೆರೆಯನ್ನು ಎಂದಿಗೂ ಮುಟ್ಟದ ಒಂದು ಬಾಗಿದ ರೇಖೆ ನೆನಪಾಯಿತು.

"ಲೆಕ್ಕದ ಪ್ರಕಾರ ಹೋಗೋದಿಲ್ಲ," ಎಂದೆ.

ಅತ್ತೆ ಕುಡಿದರು. ನಾನೂ ಕುಡಿದೆ. ನೀರಿಗೆ ಯಾವ ರುಚಿಯೂ ಇರಲಿಲ್ಲ. ಅವರು ಮುಗಿಸುವವರೆಗೆ ನಾನು ಏಳಲಿಲ್ಲ, ನಾನು ಮುಗಿಸುವವರೆಗೆ ಅವರು ಏಳಲಿಲ್ಲ.